ರೈಫಲ್ ತೋಟೆಯಲ್ಲಿ ಗುಂಡು ಕೂರಿಸುವ ಆಳ: ಮೂರು ಗುಂಡಿನ ಗುಂಪನ್ನು ನಂಬಿ ಕೆಟ್ಟ ಮೇಲೆ ಕೇಳುತ್ತಿರುವ ಪ್ರಶ್ನೆ

ಎರಿ ದಂಡೆಯವನು

ಎಲ್ಲರಿಗೂ ನಮಸ್ಕಾರ. ನನ್ನ ಮೂಲ ಊರು ಅರಸೀಕೆರೆಯ ಹತ್ತಿರ. ಹದಿನೇಳು ವರ್ಷಗಳಿಂದ ಓಹಾಯೋ ರಾಜ್ಯದಲ್ಲಿದ್ದೇನೆ. ನಾಲ್ಕು ವರ್ಷಗಳಿಂದ ಎಫ್-ಟಿಆರ್ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದೇನೆ. ರೈಫಲನ್ನು ಬೈಪಾಡ್ ಮೇಲಿಟ್ಟು, ಬೋರಲು ಮಲಗಿ, .308 ವಿಂಚೆಸ್ಟರ್ ಅಥವಾ .223 ರೆಮಿಂಗ್ಟನ್ ತೋಟೆಗಳಿಂದ ಮಾತ್ರ ದೂರದ ಗುರಿಗೆ ಹೊಡೆಯುವ ವಿಭಾಗವದು. ನನ್ನದು .308. ತೋಟೆಗಳನ್ನು ಮನೆಯ ನೆಲಮಾಳಿಗೆಯಲ್ಲಿ ನಾನೇ ತುಂಬಿಕೊಳ್ಳುತ್ತೇನೆ: ಹಿತ್ತಾಳೆಯ ಕೇಸಿಗೆ ಕಿಡಿ ಹೊತ್ತಿಸುವ ಪ್ರೈಮರ್ ಹಾಕಿ, ಮದ್ದು ಸುರಿದು, ಅದರ ಬಾಯಲ್ಲಿ ಗುಂಡನ್ನು ಪ್ರೆಸ್ಸಿನಿಂದ ಒತ್ತಿ ಕೂರಿಸುವುದು.

ಹಿಂದೆ 168 ಗ್ರೇನ್ ತೂಕದ ಸಿಯೆರಾ ಮ್ಯಾಚ್‌ಕಿಂಗ್ ಗುಂಡನ್ನು ಬಳಸುತ್ತಿದ್ದಾಗ ಅದನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂದು ನಾನು ತಲೆಕೆಡಿಸಿಕೊಂಡವನೇ ಅಲ್ಲ. ತೋಟೆಯ ಒಟ್ಟು ಉದ್ದ 2.800 ಇಂಚು ಇರುವಂತೆ ಕೂರಿಸಿದರೆ ಸಾಕು, ಚೆನ್ನಾಗಿಯೇ ಹೊಡೆಯುತ್ತಿತ್ತು. ಆದರೆ ಆ ಗುಂಡು ಸಾವಿರ ಗಜ ತಲುಪುವ ಮೊದಲೇ ಶಬ್ದದ ವೇಗದ ಆಸುಪಾಸಿಗೆ ಇಳಿದು ತಡಬಡಿಸುತ್ತದೆ ಎನ್ನುವ ಕಾರಣಕ್ಕೆ ಬರ್ಗರ್ ಕಂಪನಿಯ 185 ಗ್ರೇನ್ ವಿಎಲ್‌ಡಿ, ಅಂದರೆ ಗಾಳಿಯ ತಡೆ ತೀರ ಕಡಿಮೆಯಿರುವ ಗುಂಡಿಗೆ ಬದಲಾದೆ. ಅಲ್ಲಿಂದ ನನ್ನ ಸಂಕಟ ಶುರುವಾಯಿತು.

ನಾನು ಮಾಡಿದ್ದು ಇಷ್ಟು. ನಳಿಗೆಯೊಳಗೆ ಸುರುಳಿಯಾಗಿ ಸಾಗುವ ರೈಫ್ಲಿಂಗ್‌ನ ಏಣುಗಳನ್ನು ಗುಂಡು ಮುಟ್ಟುವ ಜಾಗವನ್ನು ಹಾರ್ನಡಿ ಗೇಜಿನಿಂದ ಅಳೆದುಕೊಂಡೆ. ಅಲ್ಲಿಂದ 5 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಹಿಂದಕ್ಕೆ ಆರಂಭಿಸಿ, 3 ಥೌ ಹೆಜ್ಜೆಯಲ್ಲಿ 38 ಥೌ ತನಕ ಹನ್ನೆರಡು ಆಳಗಳಲ್ಲಿ ಮೂರು ಮೂರು ತೋಟೆಗಳನ್ನು ತುಂಬಿ, ನೂರು ಗಜದಲ್ಲಿ ಹೊಡೆದೆ. 20 ಥೌ ಹಿಂದಿದ್ದಾಗ ಮೂರು ಗುಂಡುಗಳು 0.36 ಎಂಒಎ (ಇದು ಕೋನದ ಅಳತೆ, ಒಂದು ಎಂಒಎ ನೂರು ಗಜದಲ್ಲಿ ಸುಮಾರು ಒಂದು ಇಂಚು) ಗುಂಪಿನಲ್ಲಿ ಬಿದ್ದವು, ಉಳಿದವೆಲ್ಲ ಅದಕ್ಕಿಂತ ಹರಡಿದ್ದವು. ಹುಡುಕಿದ್ದು ಸಿಕ್ಕಿತೆಂದು ಸಂಭ್ರಮಿಸಿ ಅದೇ ಆಳಕ್ಕೆ ಇನ್ನೂರು ತೋಟೆಗಳನ್ನು ತುಂಬಿಟ್ಟೆ. ಮುಂದಿನ ವಾರ ಅದೇ ಮೈದಾನದಲ್ಲಿ ಐದು ಗುಂಡುಗಳ ಎರಡು ಗುಂಪು ಹೊಡೆದರೆ ಒಂದು 0.9, ಇನ್ನೊಂದು 1.1. ಸ್ಪರ್ಧೆಯಲ್ಲಂತೂ ಆರುನೂರು ಗಜದಲ್ಲಿ ಹತ್ತರ ವೃತ್ತದೊಳಗೆ ಉಳಿಯುವುದೇ ಕಷ್ಟವಾಯಿತು. ಆ ವೃತ್ತದ ಅಗಲ ಸುಮಾರು ಒಂದು ಎಂಒಎ, ಆ ದೂರಕ್ಕೆ ಆರು ಇಂಚು.

ಇದರ ನಡುವೆ ಒಂದು ಅನಾಹುತವನ್ನೂ ಮಾಡಿಕೊಂಡೆ. ಯಾರೋ ಹೇಳಿದರೆಂದು ಗುಂಡನ್ನು ಏಣುಗಳೊಳಕ್ಕೆ 10 ಥೌ ಒತ್ತಿಕೊಳ್ಳುವಂತೆ ಉದ್ದವಾಗಿ ಕೂರಿಸಿ ನೋಡುತ್ತಿದ್ದೆ. ಮಧ್ಯದಲ್ಲಿ ಗುಂಡು ಹಾರಿಸುವುದನ್ನು ನಿಲ್ಲಿಸಲು ಆಜ್ಞೆಯಾಯಿತು. ಹೊಡೆಯದ ತೋಟೆಯನ್ನು ಹೊರತೆಗೆಯಲು ಬೋಲ್ಟ್ ಎಳೆದೆ. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಉಳಿಯಿತು, ಕೇಸು ಮಾತ್ರ ಹೊರಬಂತು, ಒಳಗಿದ್ದ ಮದ್ದೆಲ್ಲ ಬೋಲ್ಟಿನ ದಾರಿಯಲ್ಲೂ ಟ್ರಿಗರ್ ಸಂದಿಯಲ್ಲೂ ಚೆಲ್ಲಿತು. ನಳಿಗೆಯ ಮುಂದಿನಿಂದ ಕಡ್ಡಿ ತೂರಿಸಿ ಗುಂಡನ್ನು ತಟ್ಟಿ ಹೊರಹಾಕಿ, ಮದ್ದನ್ನು ಗುಡಿಸಿ ತೆಗೆಯುವಷ್ಟರಲ್ಲಿ ಆ ದಿನದ ಅಭ್ಯಾಸವೇ ಮುಗಿದಿತ್ತು.

ಹಿರಿಯರಲ್ಲಿ ನನ್ನ ಪ್ರಶ್ನೆ: 20 ಥೌ ಎಂಬ ಆ ಜಾಗ ಎಲ್ಲಿ ಹೋಯಿತು? ನಾನು ಅಳೆದದ್ದು ತಪ್ಪೋ, ತುಂಬಿದ್ದು ತಪ್ಪೋ, ಅಥವಾ ಹೊಡೆದದ್ದು ತಪ್ಪೋ?

ಪೀಣ್ಯದ ಫಿಟ್ಟರ್

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಮಾತಿದೆ, ಆದರೆ ಮೊದಲು ನೆಲವನ್ನೇ ನೋಡೋಣ. ನಾನು ಬೆಂಗಳೂರಿನ ಪೀಣ್ಯದಲ್ಲಿ ಹನ್ನೊಂದು ವರ್ಷ ಟೂಲ್ ರೂಮಿನಲ್ಲಿದ್ದವನು, ಈಗ ಮಿಶಿಗನ್‌ನಲ್ಲಿದ್ದೇನೆ. ಒಂದು ಥೌ ಅಂದರೆ 25.4 ಮೈಕ್ರಾನ್, ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಮೂರು ಥೌ ಹೆಜ್ಜೆಯಲ್ಲಿ ಪರೀಕ್ಷೆ ಮಾಡುವವನು ತನ್ನ ಅಳತೆಯೇ ಎಷ್ಟು ಅಲುಗಾಡುತ್ತದೆಂಬುದನ್ನು ಮೊದಲು ತಿಳಿದಿರಬೇಕು. ಸಾಮಾನ್ಯ ಡಯಲ್ ಕ್ಯಾಲಿಪರ್ ಒಂದು ಥೌ ಆಚೀಚೆ ತೋರಿಸುತ್ತದೆ. ಅದರ ದವಡೆಗೆ ಕಂಪೇರೇಟರ್ (ಗುಂಡಿನ ಬಾಗಿನ ಮೇಲೆ ಕೂರುವ ರಂಧ್ರವಿರುವ ತುಂಡು) ಕಟ್ಟಿ, ಕೈಯ ಒತ್ತಡದಲ್ಲಿ ತೋಟೆಯನ್ನು ಓರೆಯಾಗಿ ಹಿಡಿದರೆ ಇನ್ನೊಂದು ಥೌ ಸೇರುತ್ತದೆ. ನಿಮ್ಮ ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವಿನ ಗೋಡೆ ಅಲ್ಲೇ ಬಿದ್ದುಹೋಯಿತು.

ಒಟ್ಟು ಉದ್ದವನ್ನು ಗುಂಡಿನ ತುದಿಯಿಂದ ಅಳೆಯುತ್ತಿಲ್ಲ ತಾನೇ? ಮ್ಯಾಚ್ ಗುಂಡುಗಳ ತುದಿ ತೆರೆದಿರುತ್ತದೆ, ಬಾಯಂಚು ಒರಟಾಗಿರುತ್ತದೆ; ಒಂದೇ ಡಬ್ಬಿಯಲ್ಲಿ ಹತ್ತು ಥೌ ವ್ಯತ್ಯಾಸ ಕಂಡರೂ ಅಚ್ಚರಿಯಿಲ್ಲ. ಮ್ಯಾಗಜೀನಿನಲ್ಲಿ ಹಿಡಿಸುತ್ತದೆಯೇ ಎಂದು ನೋಡುವುದಕ್ಕಷ್ಟೇ ಆ ಅಳತೆ. ಅಮೆರಿಕದಲ್ಲಿ ತೋಟೆಗಳ ಅಳತೆ ಗೊತ್ತುಮಾಡುವ ಸಾಮಿ ಸಂಸ್ಥೆ .308 ವಿಂಚೆಸ್ಟರಿಗೆ ನಿಗದಿ ಮಾಡಿರುವ ಗರಿಷ್ಠ 2.810 ಇಂಚು ಕೂಡ ಆ ಬಗೆಯ ಒಟ್ಟು ಉದ್ದವೇ. ಏಣುಗಳನ್ನು ಮುಟ್ಟುವುದು ತುದಿಯಲ್ಲ, ಗುಂಡಿನ ಹೆಗಲ ಮೇಲಿನ ಬಾಗು, ನಾವು ಒಜೈವ್ ಅನ್ನುವ ಭಾಗ. ಆದ್ದರಿಂದ ಕೇಸಿನ ತಳದಿಂದ ಒಜೈವ್‌ವರೆಗಿನ ದೂರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆ ಸಂಖ್ಯೆಯೂ ನಿಮ್ಮ ಕಂಪೇರೇಟರಿನ ರಂಧ್ರಕ್ಕೆ ಮಾತ್ರ ಸಂಬಂಧಿಸಿದ್ದು. ನನ್ನದರಲ್ಲಿ ಅದೇ ತೋಟೆ ಬೇರೆ ಸಂಖ್ಯೆ ತೋರಿಸುತ್ತದೆ, ಹಾಗಾಗಿ ಇನ್ನೊಬ್ಬರ ಸಂಖ್ಯೆಯನ್ನು ನಕಲು ಮಾಡಬೇಡಿ.

ಇನ್ನು ಗೇಜಿನ ತುದಿಗೆ ತಿರುಗಿಸಿ ಕೂರಿಸಲು ಅದರ ಜೊತೆ ಕೊಂಡ ತಿರುಪು ಕೇಸನ್ನೇ ಬಳಸಿದಿರಾ? ಅದು ಹೊಸ ಕೇಸು. ಅದರ ತಳದಿಂದ ಭುಜದವರೆಗಿನ ಉದ್ದ ನಿಮ್ಮ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟೆ ಕೂರುವ ಗೂಡಿನಲ್ಲಿ) ಹೊಡೆದು ಹಿಗ್ಗಿದ ಕೇಸಿಗಿಂತ ಕೆಲವು ಥೌ ಕಡಿಮೆ ಇರುತ್ತದೆ. ಅದನ್ನು ಒಳಗೆ ತಳ್ಳಿದಾಗ ಭುಜ ತಾಗಿ ನಿಲ್ಲುತ್ತದೆ, ತಳ ಮಾತ್ರ ಇರಬೇಕಾದ ಜಾಗಕ್ಕಿಂತ ಮುಂದಿರುತ್ತದೆ, ಓದಿದ ಸಂಖ್ಯೆ ಅಷ್ಟು ಚಿಕ್ಕದಾಗುತ್ತದೆ. ನೀವೇ ಹೊಡೆದ ಒಂದು ಕೇಸಿನ ಪ್ರೈಮರ್ ಜಾಗದಲ್ಲಿ ರಂಧ್ರ ಕೊರೆದು 5/16-36 ತಿರುಪು ಟ್ಯಾಪ್ ಹಾಕಿಕೊಳ್ಳಿ. ಆ ಟ್ಯಾಪ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ತರಿಸಿಕೊಳ್ಳಬೇಕಾಗುತ್ತದೆ. ಆದರೆ ಒಮ್ಮೆ ಮಾಡಿಟ್ಟರೆ ಆ ನಳಿಗೆ ಇರುವ ತನಕ ಸಾಕು.

ಕೊನೆಯದಾಗಿ ಡೈ, ಅಂದರೆ ಗುಂಡನ್ನು ಕೇಸಿನೊಳಕ್ಕೆ ಕೂರಿಸುವ ಅಚ್ಚು. ವಿಎಲ್‌ಡಿ ಗುಂಡಿನ ಮೂತಿ ಉದ್ದ. ಹಳೆಯ ಬಗೆಯ ಸೀಟಿಂಗ್ ಸ್ಟೆಮ್ಮಿನ (ಡೈಯೊಳಗೆ ಗುಂಡನ್ನು ತಳ್ಳುವ ಕಡ್ಡಿಯ) ಗುಳಿ ಅದಕ್ಕೆ ಸಾಲದಿದ್ದರೆ ಸ್ಟೆಮ್ ಬಾಗಿನ ಮೇಲೆ ಕೂರದೆ ತುದಿಯನ್ನು ಒತ್ತುತ್ತದೆ, ಆಗ ತುದಿಯ ಒರಟುತನವೆಲ್ಲ ಆಳದ ವ್ಯತ್ಯಾಸವಾಗಿ ಇಳಿಯುತ್ತದೆ. ಹತ್ತು ತೋಟೆಗಳನ್ನು ತುಂಬಿ ಒಜೈವ್‌ವರೆಗೆ ಅಳೆದು, ದೊಡ್ಡದಕ್ಕೂ ಚಿಕ್ಕದಕ್ಕೂ ಎಷ್ಟು ಅಂತರವಿದೆ ಎಂದು ಇಲ್ಲಿ ಬರೆಯಿರಿ.

ಎರಿ ದಂಡೆಯವನು

ಧನ್ಯವಾದಗಳು ಸರ್. ಅಳೆದೆ. ಹತ್ತು ತೋಟೆಗಳಲ್ಲಿ ಅಂತರ 5 ಥೌ. ಸ್ಟೆಮ್ ಬಿಚ್ಚಿ ನೋಡಿದರೆ ನೀವು ಹೇಳಿದಂತೆಯೇ ಗುಳಿಯ ತಳದಲ್ಲಿ ಗುಂಡಿನ ತುದಿ ತಾಗಿದ ಹೊಳಪಿನ ಚುಕ್ಕೆ ಇತ್ತು. ವಿಎಲ್‌ಡಿ ಸ್ಟೆಮ್ ಹಾಕಿದ ಮೇಲೆ ಅಂತರ 2 ಥೌಗೆ ಇಳಿದಿದೆ. ಸ್ನೇಹಿತರೊಬ್ಬರ ಲೇತಿನಲ್ಲಿ ನನ್ನ ಕೇಸಿಗೇ ಟ್ಯಾಪ್ ಹಾಕಿಸಿ ಮತ್ತೆ ಅಳೆದಾಗ ಏಣು ಮುಟ್ಟುವ ಜಾಗ 2.238 ಅಲ್ಲ, 2.243 ಎಂದು ಬಂತು. ಅಂದರೆ ನಾನು 20 ಎಂದುಕೊಂಡಿದ್ದು 25 ಆಗಿತ್ತು. ಅದೂ ಐದು ಥೌ ಅಲುಗಾಟದ ಜೊತೆಗೆ.

ಹಳೆಯ ಬೆಂಚ್‌ರೆಸ್ಟ್

ಮೊದಲು ಎಚ್ಚರಿಕೆಯ ಮಾತು, ಏಕೆಂದರೆ ಮೇಲಿನ ಬರಹದಲ್ಲಿ ಅದು ಅನಾಹುತದ ಕಥೆಯಾಗಿ ಮಾತ್ರ ಬಂದಿದೆ. ಗುಂಡು ಏಣುಗಳಿಂದ ದೂರವಿದ್ದಾಗ ಮದ್ದು ಹೊತ್ತಿಕೊಂಡ ಕೂಡಲೇ ಗುಂಡು ಸ್ವಲ್ಪ ದೂರ ಸರಾಗವಾಗಿ ಜಾರಿ, ಆಮೇಲೆ ಏಣುಗಳನ್ನು ಕಚ್ಚುತ್ತದೆ. ಮೊದಲೇ ಒತ್ತಿಕೊಂಡು ಕುಳಿತಿದ್ದರೆ ಅದು ಹೊರಡಲು ಹೆಚ್ಚು ಬಲ ಬೇಕಾಗುತ್ತದೆ, ಒತ್ತಡ ಏರುತ್ತದೆ. ರಾಯ್ ವೆದರ್ಬಿ ತನ್ನ ಮ್ಯಾಗ್ನಮ್ ರೈಫಲ್‌ಗಳ ಚೇಂಬರಿನ ಮುಂದೆ ಉದ್ದನೆಯ ಏಣಿಲ್ಲದ ಜಾಗವನ್ನು ಬಿಟ್ಟಿದ್ದೇ ಈ ಒತ್ತಡವನ್ನು ತಗ್ಗಿಸುವುದಕ್ಕೆ. ಹಾಗಾಗಿ ದೂರ ಇಟ್ಟು ಹೊಂದಿಸಿಕೊಂಡ ಮದ್ದಿನ ಪ್ರಮಾಣವನ್ನು ಹಾಗೆಯೇ ಇಟ್ಟುಕೊಂಡು ಗುಂಡನ್ನು ಏಣಿಗೆ ತಾಗಿಸಬಾರದು. ಕೈಪಿಡಿಯ ಆರಂಭದ ಪ್ರಮಾಣಕ್ಕೆ ಇಳಿದು ಮತ್ತೆ ಮೇಲೇರಬೇಕು. ತೀರ ಆಳಕ್ಕೆ ಕೂರಿಸಿದರೂ ಕೇಸಿನೊಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ. ಪಿಸ್ತೂಲಿನ ಪುಟ್ಟ ಕೇಸುಗಳಲ್ಲಿ ಇದು ಬಹಳ ಅಪಾಯಕಾರಿ, ರೈಫಲಿನ ದೊಡ್ಡ ಕೇಸಿನಲ್ಲಿ ಅಷ್ಟಿಲ್ಲ.

ಇನ್ನು ವಿಷಯಕ್ಕೆ ಬರೋಣ. ನಾನು ಅರಿಝೋನಾದವನು, ಫೀನಿಕ್ಸ್‌ನ ಬೆನ್ ಏವರಿ ಮೈದಾನದಲ್ಲಿ ಇಪ್ಪತ್ತು ವರ್ಷ ಬೆಂಚ್‌ರೆಸ್ಟ್ ಹೊಡೆದಿದ್ದೇನೆ, ರೈಫಲನ್ನು ಮೇಜಿನ ಮೇಲೆ ಆನಿಸಿಟ್ಟು ಯಾರ ಗುಂಪು ಚಿಕ್ಕದೆಂದು ನೋಡುವ ಪೈಪೋಟಿಯದು. ಪಾಲ್ಮಿಸಾನೊ ಮತ್ತು ಪಿಂಡೆಲ್ ಎಂಬಿಬ್ಬರು 1970ರ ದಶಕದಲ್ಲಿ ರೂಪಿಸಿದ 6 ಪಿಪಿಸಿ ತೋಟೆ ನಮ್ಮದು. ಅದರಲ್ಲಿ ನಾವು ಗುಂಡನ್ನು ಏಣಿಗೆ ಒತ್ತಿಯೇ ಹೊಡೆಯುತ್ತೇವೆ, ಮೂರು ಥೌ ಬದಲಿಸಿದರೆ ಕಾಗದದ ಮೇಲೆ ಕಾಣಿಸುತ್ತದೆ. ಆದ್ದರಿಂದ ಮೂರು ಥೌ ಹೆಜ್ಜೆಯೇ ಹುಚ್ಚು ಎಂದು ಪೀಣ್ಯದವರು ಹೇಳುವುದನ್ನು ನಾನು ಪೂರ್ತಿ ಒಪ್ಪಲಾರೆ.

ಆದರೆ ನೀವು ಹೊಡೆಯುತ್ತಿರುವುದು ವಿಎಲ್‌ಡಿ. ನಿಮ್ಮ ಹಳೆಯ ಮ್ಯಾಚ್‌ಕಿಂಗ್ ಗುಂಡಿನ ಬಾಗು ಅದರ ನೇರ ಮೈಯಿಂದ ಹೆಗಲು ಜಾರಿದಂತೆ ನಯವಾಗಿ ಏಳುತ್ತದೆ. ಏಣುಗಳನ್ನು ಸೇರುವಾಗ ಸ್ವಲ್ಪ ಓರೆಯಿದ್ದರೂ ಆ ಇಳಿಜಾರೇ ಅದನ್ನು ನಡುವಿಗೆ ತಂದುಕೊಳ್ಳುತ್ತದೆ. ಆ ಗುಂಡು ಯಾವ ಆಳದಲ್ಲೂ ಮುನಿಸಿಕೊಳ್ಳದಿರುವುದಕ್ಕೆ ಇದೇ ಕಾರಣ. ವಿಎಲ್‌ಡಿಯ ಬಾಗು ಹಾಗಲ್ಲ. ನೇರ ಮೈ ಮುಗಿಯುವ ಕಡೆ ಒಂದು ಮೂಲೆ ಬಿದ್ದು ಅಲ್ಲಿಂದ ಏಳುತ್ತದೆ. ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಆದರೆ ಎಲ್ಲಿ ಇಡುತ್ತೀರಿ ಎಂಬುದಕ್ಕೆ ಸೂಕ್ಷ್ಮ. ಎರಡೂ ಬಾಗುಗಳನ್ನು ಬೆಸೆದ ಹೈಬ್ರಿಡ್ ಗುಂಡುಗಳು ಆಮೇಲೆ ಬಂದಿದ್ದು ಈ ಕಿರಿಕಿರಿಯಿಂದಲೇ. ವಿಎಲ್‌ಡಿ ಏಣಿಗೆ ಒತ್ತಿದರಷ್ಟೇ ಹೊಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಇತ್ತು. ಅದು ಸುಳ್ಳೆಂದು ತೋರಿಸಲು ಬರ್ಗರ್‌ನವರೇ ಒಂದು ಕ್ರಮವನ್ನು ಪ್ರಕಟಿಸಿದರು: ಒತ್ತಲು ಇಷ್ಟವಿಲ್ಲದವರು ಏಣಿನಿಂದ 10, 50, 90, 130 ಥೌ ಹಿಂದೆ, ಹೀಗೆ ದೂರದೂರದ ನಾಲ್ಕು ಜಾಗಗಳಲ್ಲಿ ಮೊದಲು ಹೊಡೆದು ನೋಡಿ, ಯಾವ ಊರು ಎಂದು ಗೊತ್ತಾದ ಮೇಲೆ ಬೀದಿ ಹುಡುಕಿ. ನೀವು 5ರಿಂದ 38ರೊಳಗೆ ಹನ್ನೆರಡು ಬಾರಿ ಸುತ್ತಿದ್ದೀರಿ. ಒಂದೇ ಊರಿನ ಹನ್ನೆರಡು ಬಾಗಿಲು ತಟ್ಟಿದ್ದೀರಿ.

ಲೆಕ್ಕದ ಮೇಷ್ಟ್ರು

ನಾನು ಬಂದೂಕು ಹಿಡಿದವನಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ನನ್ನ ಭಾವಮೈದುನ ಈ ಹವ್ಯಾಸದವನಾದ್ದರಿಂದ ಅವನ ಕಾಗದಗಳನ್ನು ಲೆಕ್ಕ ಹಾಕಿ ಕೊಟ್ಟು ಅಭ್ಯಾಸವಾಗಿದೆ. 20 ಥೌ ಜಾಗ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಅದು ಇರಲೇ ಇಲ್ಲ ಎಂಬುದು ನನ್ನ ಅನುಮಾನ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಷ್ಟೂ ಅಗುಳುಗಳು ಒಂದೇ ನೀರಿನಲ್ಲಿ ಒಂದೇ ಹೊತ್ತು ಕುದಿದಿವೆ. ಗುಂಡುಗಳ ಗುಂಪು ಅನ್ನದ ಅಗುಳಲ್ಲ. ಒಂದೇ ರೈಫಲ್, ಒಂದೇ ತೋಟೆ, ಒಬ್ಬನೇ ಹೊಡೆಯುವವನು. ಏನನ್ನೂ ಬದಲಿಸದೆ ಮೂರು ಮೂರು ಗುಂಡುಗಳ ಗುಂಪುಗಳನ್ನು ಹೊಡೆಯುತ್ತಾ ಹೋದರೆ ಅವುಗಳ ಅಳತೆ ಸರಾಸರಿಯ ಸುಮಾರು ಶೇಕಡ 37ರಷ್ಟು ಪ್ರಮಾಣ ವಿಚಲನೆಯಲ್ಲಿ ಹೊಯ್ದಾಡುತ್ತದೆ. ಗುಂಡುಗಳು ಮೇಲೆ ಕೆಳಗೆ, ಎಡ ಬಲ ಸಾಮಾನ್ಯ ರೀತಿಯಲ್ಲಿ ಹರಡುತ್ತವೆ ಎಂದಿಟ್ಟುಕೊಂಡರೆ ಗಣಿತವೇ ಕೊಡುವ ಸಂಖ್ಯೆ ಇದು. ನಿಮ್ಮ ರೈಫಲಿನ ಮೂರು ಗುಂಡಿನ ನಿಜವಾದ ಸರಾಸರಿ 0.75 ಎಂಒಎ ಎಂದಿಟ್ಟುಕೊಳ್ಳಿ. ಆಗ 0.4ಕ್ಕೆ ಇಳಿದ ಗುಂಪೂ 1.1ಕ್ಕೆ ಏರಿದ ಗುಂಪೂ ಯಾವ ಕಾರಣವೂ ಇಲ್ಲದೆ ಬರುತ್ತವೆ. ಅಂತಹ ಹನ್ನೆರಡು ಗುಂಪುಗಳನ್ನು ಹೊಡೆದರೆ ಒಂದಾದರೂ ನಿಮ್ಮ 0.36ರ ಹತ್ತಿರಕ್ಕೆ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹನ್ನೆರಡು ಬಾರಿ ಕವಡೆ ಎಸೆದು, ಅತಿ ಹೆಚ್ಚು ಬಿದ್ದ ಸಲ ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದೆ ಎಂದು ನೆನಪಿಟ್ಟುಕೊಂಡಂತೆ ಆಯಿತು ಇದು.

ಮತ್ತೂ ಒಂದು ಮಾತು. ಮೂರು ಗುಂಡಿನ ಗುಂಪನ್ನೂ ಐದು ಗುಂಡಿನ ಗುಂಪನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಗುಂಡುಗಳು ಹೆಚ್ಚಿದಂತೆ ಅಂಚಿನ ಎರಡು ಗುಂಡುಗಳ ನಡುವಿನ ದೂರ ಹೆಚ್ಚುತ್ತದೆ. ಸರಾಸರಿಯಲ್ಲಿ ಮೂರಕ್ಕೆ 0.75 ಬರುವ ರೈಫಲ್ ಐದಕ್ಕೆ ಸುಮಾರು 0.95, ಹತ್ತಕ್ಕೆ ಸುಮಾರು 1.2 ಕೊಡುತ್ತದೆ. ನಿಮ್ಮ 0.9 ಮತ್ತು 1.1 ಆ ಲೆಕ್ಕಕ್ಕೆ ಸರಿಯಾಗಿಯೇ ಇವೆ. ರೈಫಲ್ ಕೆಟ್ಟಿಲ್ಲ, ಮೊದಲೂ ಹೀಗೆಯೇ ಇತ್ತು.

ಅಂಚಿನ ಎರಡು ಗುಂಡುಗಳನ್ನು ಅಳೆದು ಉಳಿದವನ್ನು ಎಸೆಯುವ ಬದಲು ಪ್ರತಿ ಗುಂಡೂ ಗುಂಪಿನ ನಡುವಿನಿಂದ ಎಷ್ಟು ದೂರವಿದೆಯೆಂದು ಅಳೆದು ಅದರ ಸರಾಸರಿ ತೆಗೆಯಿರಿ. ಸರಾಸರಿ ತ್ರಿಜ್ಯ ಎನ್ನುವ ಈ ಅಳತೆಯಲ್ಲಿ ನೀವು ದುಡ್ಡು ಕೊಟ್ಟು ಹೊಡೆದ ಪ್ರತಿ ಗುಂಡೂ ಮಾತಾಡುತ್ತದೆ. ಬೆಂಚ್‌ರೆಸ್ಟ್ ಹಿರಿಯರ ಮಾತಿಗೂ ನನ್ನ ಲೆಕ್ಕಕ್ಕೂ ಜಗಳವಿಲ್ಲ. ಅವರ ರೈಫಲಿನ ಸಹಜ ಚದುರುವಿಕೆ ನಿಮ್ಮದಕ್ಕಿಂತ ಎಷ್ಟೋ ಚಿಕ್ಕದು, ಆದ್ದರಿಂದ ಸಣ್ಣ ಬದಲಾವಣೆಯೂ ಅವರಿಗೆ ಕೇಳಿಸುತ್ತದೆ. ಸದ್ದಿಲ್ಲದ ಮನೆಯಲ್ಲಿ ಪಿಸುಮಾತು ಕೇಳಿಸಿದಂತೆ.

ಹೊಸಬ, ಆಸ್ಟಿನ್

ನಾನು ಎರಡು ವರ್ಷದ ಹಿಂದೆ ಎಚ್-1ಬಿ ಮೇಲೆ ಬಂದವನು. ತುಂಬುವ ಪ್ರೆಸ್ಸು ಕೊಂಡು ಇದನ್ನು ಕಲಿಯಲು ಆರಂಭಿಸಬಹುದೇ?

ಹಳೆಯ ಬೆಂಚ್‌ರೆಸ್ಟ್

ತಮ್ಮಾ, ಪ್ರೆಸ್ಸು ಕೊಳ್ಳುವ ಮುಂಚೆ ವಕೀಲರನ್ನು ಕಾಣು. ವಲಸೆಯೇತರ ವೀಸಾದವರು ಬಂದೂಕನ್ನಷ್ಟೇ ಅಲ್ಲ, ತೋಟೆಯನ್ನು ಇಟ್ಟುಕೊಳ್ಳುವುದೂ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಆದವರಿಗೆ ಈ ತೊಡಕಿಲ್ಲ. ಹವ್ಯಾಸಕ್ಕಾಗಿ ವೀಸಾ ಕಳೆದುಕೊಳ್ಳಬೇಡ.

ಕೊಡಗಿನ ಕೋವಿ

ವಿರಾಜಪೇಟೆಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಕೋವಿ ಮನೆಯ ಸದಸ್ಯನಿದ್ದಂತೆ. ಕೈಲ್ ಪೊಳ್ದ್ ಹಬ್ಬಕ್ಕೆ ಅದನ್ನು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಪೈಪೋಟಿ ಇಂದಿಗೂ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧವೇ, ಆದ್ದರಿಂದ ನೀವು ಹೇಳುವ ಕೆಲಸ ನಮಗೆ ಓದಿ ತಿಳಿಯುವುದಕ್ಕಷ್ಟೇ.

ನನ್ನ ಮಗಳು .22 ರೈಫಲಿನಲ್ಲಿ ಐವತ್ತು ಮೀಟರ್ ಹೊಡೆಯುತ್ತಾಳೆ. ಆ ತೋಟೆಯಲ್ಲಿ ಗುಂಡಿನ ಆಳ ಬದಲಿಸುವ ಮಾತೇ ಇಲ್ಲವಲ್ಲ, ಹಾಗಿದ್ದರೂ ಅಲ್ಲಿಯವರು ಅಷ್ಟು ನಿಖರವಾಗಿ ಹೊಡೆಯುವುದು ಹೇಗೆ?

ಪೀಣ್ಯದ ಫಿಟ್ಟರ್

.22 ರಿಮ್‌ಫೈರ್ ತೋಟೆಯಲ್ಲಿ ಸಿಡಿಯುವ ರಾಸಾಯನಿಕ ಕೇಸಿನ ಅಂಚಿನೊಳಗೇ ಇರುತ್ತದೆ, ಪ್ರೈಮರ್ ಬದಲಿಸಲು ಬರುವುದಿಲ್ಲ, ಆದ್ದರಿಂದ ಅದನ್ನು ಮತ್ತೆ ತುಂಬುವ ಪ್ರಶ್ನೆಯಿಲ್ಲ. ಅವರು ನಮ್ಮ ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತಾರೆ. ನಾವು ರೈಫಲಿಗೆ ತೋಟೆಯನ್ನು ಹೊಂದಿಸುತ್ತೇವೆ. ಅವರು ಒಂದೇ ಬ್ರ್ಯಾಂಡಿನ ಬೇರೆ ಬೇರೆ ಲಾಟ್‌ಗಳನ್ನು (ಒಂದೊಂದು ಸಲಕ್ಕೆ ಒಟ್ಟಿಗೆ ತಯಾರಾದ ತೋಟೆಗಳನ್ನು) ರೈಫಲ್ ಕಟ್ಟಿಹಾಕಿ ಹೊಡೆದು ನೋಡಿ, ಆ ನಳಿಗೆ ಒಪ್ಪಿದ ಲಾಟನ್ನು ಒಟ್ಟಿಗೆ ಕೊಳ್ಳುತ್ತಾರೆ. ಮಗಳಿಗೆ ಲಾಟ್ ಆರಿಸುವಾಗ ಮೇಷ್ಟ್ರು ಹೇಳಿದ ಲೆಕ್ಕವನ್ನೇ ಹಿಡಿಯಿರಿ. ಐದು ಗುಂಡು ಹೊಡೆದು ಲಾಟ್ ತೀರ್ಮಾನಿಸಬೇಡಿ.

ಎರಿ ದಂಡೆಯವನು

ಮೂರು ವಾರ ಸುಮ್ಮನಿದ್ದೆ, ಈಗ ಫಲಿತಾಂಶದೊಂದಿಗೆ ಬಂದಿದ್ದೇನೆ.

ಮೊದಲು ನಳಿಗೆಯ ಗಂಟಲಿನಲ್ಲಿ, ಅಂದರೆ ಏಣುಗಳು ಶುರುವಾಗುವ ಕಡೆ, ಕಟ್ಟಿದ್ದ ಇಂಗಾಲದ ಉಂಗುರವನ್ನು ಉಜ್ಜಿ ತೆಗೆದೆ. ಅದು ಇದ್ದರೆ ಗೇಜು ಏಣಿನ ಬದಲು ಅದನ್ನೇ ಮುಟ್ಟಿ ಸುಳ್ಳು ಹೇಳುತ್ತದೆ. ಮದ್ದಿನ ಪ್ರಮಾಣ, ಪ್ರೈಮರ್, ಕೇಸಿನ ಕುತ್ತಿಗೆಯ ಬಿಗಿ ಯಾವುದನ್ನೂ ಬದಲಿಸಲಿಲ್ಲ. ಏಣಿನಿಂದ 10, 50, 90, 130 ಥೌ ಹಿಂದೆ, ಹತ್ತು ಹತ್ತು ತೋಟೆಗಳು. ಒಂದು ಆಳದ ಹತ್ತನ್ನೂ ಒಂದೇ ಉಸಿರಿಗೆ ಹೊಡೆಯದೆ ನಾಲ್ಕನ್ನೂ ಸರದಿಯಂತೆ ಒಂದೊಂದಾಗಿ, ನಾಲ್ಕು ಬೇರೆ ಗುರಿಗಳಿಗೆ ಹೊಡೆದೆ. ನಳಿಗೆ ಬಿಸಿಯಾದದ್ದು, ಗಾಳಿ ಎದ್ದದ್ದು, ನನ್ನ ಹೆಗಲು ದಣಿದದ್ದು ನಾಲ್ಕಕ್ಕೂ ಸಮನಾಗಿ ಹಂಚಿಹೋಗಲಿ ಎಂದು. ಸರಾಸರಿ ತ್ರಿಜ್ಯ ಹೀಗೆ ಬಂತು: 10ಕ್ಕೆ 0.41 ಎಂಒಎ, 50ಕ್ಕೆ 0.38, 90ಕ್ಕೆ 0.29, 130ಕ್ಕೆ 0.30.

ನಾನು ಇಷ್ಟು ದಿನ ಹುಡುಕುತ್ತಿದ್ದ ಜಾಗವೇ ನಾಲ್ಕರಲ್ಲಿ ಹಿಂದುಳಿದ ಕಡೆಯಲ್ಲಿದೆ. ಏಣಿನಿಂದ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು ಎಂದು ಯಾರು ನನ್ನ ತಲೆಗೆ ತುಂಬಿದರೋ ನೆನಪಿಲ್ಲ.

ಲೆಕ್ಕದ ಮೇಷ್ಟ್ರು

ಸರದಿಯಂತೆ ಹೊಡೆದದ್ದು ಬಹಳ ಒಳ್ಳೆಯ ಕೆಲಸ. ಆದರೆ ಸ್ವಲ್ಪ ತಾಳಿ. ಹತ್ತು ಗುಂಡಿನ ಸರಾಸರಿ ತ್ರಿಜ್ಯಕ್ಕೂ ಶೇಕಡ 16ರಷ್ಟು ಅಲುಗಾಟವಿದೆ. 0.41 ಎಂದರೆ 0.35ರಿಂದ 0.47ರ ನಡುವೆ ಎಲ್ಲೋ ಎಂದು ಓದಿಕೊಳ್ಳಿ. 90 ಮತ್ತು 130ರ ನಡುವೆ ಯಾವುದು ಮೇಲು ಎಂಬ ಪ್ರಶ್ನೆಯನ್ನು ಈ ಕಾಗದಗಳಿಗೆ ಕೇಳಲೇಬಾರದು, ಅವಕ್ಕೆ ಗೊತ್ತಿಲ್ಲ. ಹತ್ತಿರದ ಎರಡನ್ನು ಒಂದು ಗುಂಪಾಗಿ, ದೂರದ ಎರಡನ್ನು ಒಂದು ಗುಂಪಾಗಿ ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತು ಗುಂಡು, 0.395 ಎದುರು 0.295. ಇದರಲ್ಲಿ ಏನೋ ಇರುವಂತಿದೆ, ಆದರೆ ಪಣ ಕಟ್ಟುವಷ್ಟಿಲ್ಲ. ಎರಡೂ ಕಡೆ ಇನ್ನಿಪ್ಪತ್ತು ಗುಂಡು ಹೊಡೆಯಲು ನಿಮ್ಮ ಮನೆಯವರು ಒಪ್ಪಿದರೆ ಹೊಡೆಯಿರಿ.

ಎರಿ ದಂಡೆಯವನು

ಒಪ್ಪಿದರು, ಅಂಗಳದ ಹುಲ್ಲು ಕತ್ತರಿಸುವ ಷರತ್ತಿನ ಮೇಲೆ. 50 ಥೌ ಹಿಂದೆ ಇಪ್ಪತ್ತು, 110 ಥೌ ಹಿಂದೆ ಇಪ್ಪತ್ತು, ಮತ್ತೆ ಸರದಿಯಲ್ಲೇ. 0.37 ಮತ್ತು 0.30.

ಲೆಕ್ಕದ ಮೇಷ್ಟ್ರು

ಹಿಂದಿನದನ್ನೂ ಸೇರಿಸಿದರೆ ನಲವತ್ತಕ್ಕೆ ನಲವತ್ತು, 0.38 ಎದುರು 0.30. ಅಂತರ ಅದರ ಅಲುಗಾಟದ ಎರಡು ಪಟ್ಟು. ಈಗ ನಾನೂ ನಿಮ್ಮ ಜಾಗದಲ್ಲಿದ್ದರೆ ದೂರದ ಕಡೆಗೇ ಹೋಗುತ್ತಿದ್ದೆ. ಆದರೆ ಲಾಭವೆಷ್ಟು ಎಂದೂ ನೋಡಿಕೊಳ್ಳಿ: ಸರಾಸರಿ ತ್ರಿಜ್ಯದಲ್ಲಿ 0.08 ಎಂಒಎ. ಆರುನೂರು ಗಜದಲ್ಲಿ ಅದು ಅರ್ಧ ಇಂಚು.

ಪೀಣ್ಯದ ಫಿಟ್ಟರ್

ಹತ್ತರ ವೃತ್ತದ ನಡುವೆ ಇರುವ ಎಕ್ಸ್ ವೃತ್ತದ ಅಗಲ ಸುಮಾರು ಅರ್ಧ ಎಂಒಎ, ಅಂದರೆ ಆ ದೂರಕ್ಕೆ ಮೂರು ಇಂಚು. ಅರ್ಧ ಇಂಚು ಸಣ್ಣದಲ್ಲ. ಆದರೆ ಎರಿ ಸರೋವರದ ದಂಡೆಯ ಕ್ಯಾಂಪ್ ಪೆರ್ರಿ ಮೈದಾನದಲ್ಲಿ ನೀರ ಮೇಲಿನಿಂದ ಬರುವ ಗಾಳಿಯನ್ನು ಒಮ್ಮೆ ತಪ್ಪಾಗಿ ಓದಿದರೆ ಅದರ ಹತ್ತು ಪಟ್ಟು ಹೋಗುತ್ತದೆ.

ಹಳೆಯ ಬೆಂಚ್‌ರೆಸ್ಟ್

ಈಗ ನನ್ನ ಅನುಭವದ ಒಂದು ಮಾತನ್ನು ಸೇರಿಸುತ್ತೇನೆ, ಇದಕ್ಕೆ ಮೇಷ್ಟ್ರ ಒಪ್ಪಿಗೆಯೂ ಸಿಗಬಹುದು. ನೀವು ಹೊಡೆಯುವ ಪ್ರತಿ ಗುಂಡೂ ಗಂಟಲಿನ ಏಣುಗಳನ್ನು ಸ್ವಲ್ಪ ಸ್ವಲ್ಪವೇ ಸುಟ್ಟು ಮುಂದಕ್ಕೆ ತಳ್ಳುತ್ತದೆ. .308 ಈ ವಿಷಯದಲ್ಲಿ ಸಾಧು, 6.5-284ರಂತಹ ಬಿಸಿ ತೋಟೆಗಳು ಸಾವಿರ ಚಿಲ್ಲರೆ ಗುಂಡಿಗೇ ನಳಿಗೆಯನ್ನು ತಿಂದುಹಾಕುತ್ತವೆ. ಏಣು ಮುಂದೆ ಹೋದಂತೆ ನಾವೂ ಗುಂಡನ್ನು ಮುಂದೆ ಮುಂದೆ ಕೂರಿಸುತ್ತಾ ಅದರ ಬೆನ್ನು ಹತ್ತಬೇಕೇ ಎಂಬುದು ಹಳೆಯ ಜಗಳ. ನಾನು 6 ಪಿಪಿಸಿಯಲ್ಲಿ ಬೆನ್ನು ಹತ್ತುತ್ತೇನೆ, ಏಕೆಂದರೆ ನನ್ನ ಗುಂಡು ಏಣಿಗೆ ತಾಗಿಯೇ ಇರಬೇಕು. ಆದರೆ 90ರಿಂದ 130ರವರೆಗೆ ಒಂದೇ ತೆರನಾಗಿ ಹೊಡೆಯುವ ಜಾಗದಲ್ಲಿ ನಿಂತವರು ಓಡಬೇಕಾಗಿಲ್ಲ. ಆ ಅಗಲದ ಹಿಂದಿನ ತುದಿಯಲ್ಲಲ್ಲ, ಏಣಿಗೆ ಹತ್ತಿರದ ಕಡೆ ಸ್ವಲ್ಪ ಒಳಗೆ, 100 ಥೌನಲ್ಲಿ ಡೈಯನ್ನು ಬಿಗಿಮಾಡಿ. ಏಣು ಇಪ್ಪತ್ತು ಥೌ ಮುಂದೆ ಹೋದರೂ ನೀವು ಆ ಅಗಲದೊಳಗೇ ಇರುತ್ತೀರಿ.

ಏಣು ಎಷ್ಟು ಸರಿಯಿತೆಂದು ತಿಳಿಯಲು ಇಂದು ಅಳೆದ ಗುಂಡನ್ನೇ ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಹೊಡೆಯಬೇಡಿ ಎಂದು ಚೀಟಿ ಅಂಟಿಸಿ. ಮುಂದೆಯೂ ಆ ಗುಂಡಿನಿಂದಲೇ ಅಳೆಯಿರಿ. ಬೇರೆ ಗುಂಡು ಹಿಡಿದರೆ ಏಣು ಸರಿಯಿತೋ ಗುಂಡೇ ಬೇರೆಯೋ ಗೊತ್ತಾಗುವುದಿಲ್ಲ.

ಎರಿ ದಂಡೆಯವನು

ಹಾಗೆಯೇ ಮಾಡಿದ್ದೇನೆ ಸರ್. ಒಜೈವ್‌ವರೆಗೆ 2.143 ಇಂಚಿಗೆ ಡೈ ಬಿಗಿಮಾಡಿ, ಅಳತೆಯ ಗುಂಡನ್ನು ಹಳೆಯ ಕುಂಕುಮದ ಭರಣಿಯಲ್ಲಿ ಹಾಕಿಟ್ಟಿದ್ದೇನೆ. ನಿನ್ನೆ ಕುತೂಹಲಕ್ಕೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ, ನಳಿಗೆ ಹೊಸತಾಗಿದ್ದಾಗ ಇದೇ ಗೇಜು, ಅದರ ಜೊತೆ ಕೊಂಡ ಆ ಹಳೆಯ ತಿರುಪು ಕೇಸಿನಿಂದ 2.234 ಎಂದು ಬರೆದಿದ್ದೆ. ಆರುನೂರು ಗುಂಡಿನ ನಂತರ ಅದು 2.238. ಅಂದರೆ ಏಣು ನಾಲ್ಕು ಥೌ ಸರಿದಂತೆ ಕಾಣುತ್ತದೆ, ಆದರೆ ಅಂದು ಯಾವ ಗುಂಡಿನಿಂದ ಅಳೆದಿದ್ದೆನೋ ಅದನ್ನು ಹೊಡೆದೇಬಿಟ್ಟಿದ್ದೇನೆ.

ಮುಂದಿನ ಅಳತೆ ಇನ್ನೈನೂರು ಗುಂಡಿನ ಮೇಲೆ. ಹೊಸ ಲಾಟಿನ ಗುಂಡಿನ ಡಬ್ಬಿ ಒಡೆದಾಗ ಹತ್ತು ಗುಂಡುಗಳ ತಳದಿಂದ ಒಜೈವ್‌ವರೆಗಿನ ಉದ್ದವನ್ನು ಈ ಲಾಟಿನದಕ್ಕೆ ಹೋಲಿಸಿ, ವ್ಯತ್ಯಾಸ ಹತ್ತು ಥೌ ಮೀರಿದರೆ ಇಲ್ಲಿ ಮತ್ತೆ ಬರೆಯುತ್ತೇನೆ. 20 ಥೌಗೆ ತುಂಬಿದ್ದರಲ್ಲಿ ಉಳಿದ ನೂರ ಹದಿನೆಂಟು ತೋಟೆಗಳನ್ನು ವಿಎಲ್‌ಡಿ ಸ್ಟೆಮ್ಮಿನಡಿ ಮತ್ತೆ ಒತ್ತಿ 100ಕ್ಕೆ ಇಳಿಸಬಹುದೇ?

ಪೀಣ್ಯದ ಫಿಟ್ಟರ್

ಇಳಿಸಬಹುದು. ಬಹಳ ದಿನ ಇಟ್ಟಿದ್ದರೆ ಕುತ್ತಿಗೆ ಗುಂಡನ್ನು ಬಿಗಿಯಾಗಿ ಹಿಡಿದಿರುತ್ತದೆ, ಆದ್ದರಿಂದ ಮೊದಲ ಐದನ್ನು ಒತ್ತಿ ಗುಂಡಿನ ಮೇಲೆ ಸ್ಟೆಮ್ಮಿನ ಉಂಗುರದ ಗುರುತು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮದ್ದು ಕುತ್ತಿಗೆಯ ತನಕ ತುಂಬಿದ್ದರೆ ಇನ್ನೂ ಸುಮಾರು ಎಪ್ಪತ್ತೈದು ಥೌ ಆಳಕ್ಕೆ ಹೋಗುವಾಗ ಕಾಳುಗಳು ನುರಿಯುವ ಸದ್ದು ಕೇಳಿಸುತ್ತದೆ. ಹಾಗಾದರೆ ನಿಲ್ಲಿಸಿ, ಗುಂಡು ಕಿತ್ತು ಮದ್ದು ಸುರಿದು ಮೊದಲಿನಿಂದ ತುಂಬಿ.